ಕರವಸ್ತ್ರದ ಗುರಿ: ಸುಜಾನ್ ಲೆಂಗ್ಲೆನ್ ಬದುಕು

ಬೋಧನಾಭ್ಯಾಸದ ವೇಳೆಯಲ್ಲಿ ವ್ಯಕ್ತಿಪರಿಚಯದ ಪಾಠಕ್ಕೆ ಕ್ರೀಡಾಪಟುವೊಬ್ಬರನ್ನು ಆರಿಸಿಕೊಂಡ ಪ್ರಶಿಕ್ಷಣಾರ್ಥಿ ಹೆಚ್ಚಾಗಿ ಏನು ಮಾಡುತ್ತಾರೆಂದು ಮೇಲ್ವಿಚಾರಣೆಗೆ ಹೋದವರಿಗೆಲ್ಲ ಗೊತ್ತು. ಹುಟ್ಟಿದ ವರ್ಷ, ಗೆದ್ದ ಪದಕಗಳು, ಪಡೆದ ಪ್ರಶಸ್ತಿಗಳು ಕಪ್ಪುಹಲಗೆಯ ಮೇಲೆ ಸಾಲಾಗಿ ಬರುತ್ತವೆ. ಮಕ್ಕಳು ಅವನ್ನು ಬರೆದುಕೊಳ್ಳುತ್ತಾರೆ, ಗಂಟೆ ಹೊಡೆಯುತ್ತದೆ. ಫ್ರಾನ್ಸಿನ ಟೆನ್ನಿಸ್ ಆಟಗಾರ್ತಿ ಸುಜಾನ್ ಲೆಂಗ್ಲೆನ್ ಕುರಿತೂ ಅಂಥ ಪಟ್ಟಿ ಮಾಡಬಹುದು, ಮತ್ತು ಆ ಪಟ್ಟಿ ಉದ್ದವಾಗಿಯೇ ಇರುತ್ತದೆ. ಆದರೆ ಆಕೆಯ ಬದುಕಿನಲ್ಲಿ ಶಿಕ್ಷಕರಾದ ನಮಗೆ ಬೇಕಾದದ್ದು ಆ ಪಟ್ಟಿಯ ಆಚೆಗಿದೆ. ಆಕೆ ಆಟಗಾರ್ತಿಯಾಗುವ ಮೊದಲು ಬಹಳ ಕಠಿಣ ಗುರುವೊಬ್ಬನ ಶಿಷ್ಯೆಯಾಗಿದ್ದಳು. ಕೊನೆಯ ವರ್ಷಗಳಲ್ಲಿ ತಾನೇ ಮಕ್ಕಳಿಗೆ ಕಲಿಸುವವಳಾದಳು. ನಡುವೆ, ಆಡಿದ್ದಕ್ಕೆ ಹಣ ಪಡೆದಳೆಂಬ ಕಾರಣಕ್ಕೆ ತಾನು ಬೆಳೆಸಿದ ಆಟದಿಂದಲೇ ಹೊರಗಾದಳು.

ಸುಜಾನ್ ಹುಟ್ಟಿದ್ದು 1899ರ ಮೇ 24ರಂದು, ಪ್ಯಾರಿಸ್ಸಿನಲ್ಲಿ. ತಂದೆ ಶಾರ್ಲ್ ಲೆಂಗ್ಲೆನ್, ತಾಯಿ ಅನಾಯಿಸ್. ಕುದುರೆ ಎಳೆಯುವ ಬಸ್ಸುಗಳ ಕಂಪನಿಯೊಂದು ಶಾರ್ಲ್ ಅವರಿಗೆ ಪಿತ್ರಾರ್ಜಿತವಾಗಿ ಬಂದಿತ್ತು. ಅದನ್ನು ಮಾರಿ, ಬಂದ ಹಣದಲ್ಲಿ ಅವರು ನೆಮ್ಮದಿಯಾಗಿ ಬದುಕುತ್ತಿದ್ದರು. ಬೇಸಿಗೆಯಲ್ಲಿ ಪ್ಯಾರಿಸ್ಸಿನ ಉತ್ತರಕ್ಕಿರುವ ಕಾಂಪಿಯೆನ್ ಬಳಿಯ ಹಳ್ಳಿಯಲ್ಲಿ, ಚಳಿಗಾಲದಲ್ಲಿ ದಕ್ಷಿಣದ ಕಡಲತೀರದ ನೀಸ್ ನಗರದಲ್ಲಿ ವಾಸ. ಮಗಳು ಆರೋಗ್ಯವಂತೆಯಲ್ಲ. ಉಬ್ಬಸ ಕಾಡುತ್ತಿತ್ತು. 1910ರ ಬೇಸಿಗೆಯಲ್ಲಿ, ಮಗುವಿನ ಮೈ ಸ್ವಲ್ಪ ಗಟ್ಟಿಯಾಗಲಿ ಎಂದು ತಂದೆ ಒಂದು ರಾಕೆಟ್ ತಂದುಕೊಟ್ಟರು. ಆಗ ಅವಳಿಗೆ ಹನ್ನೊಂದು ವರ್ಷ. ಕೆಲವೇ ತಿಂಗಳಲ್ಲಿ ಅವಳು ಶಾಂಟಿಯಿ ಎಂಬಲ್ಲಿನ ಟೂರ್ನಿಯೊಂದರಲ್ಲಿ ಎರಡನೇ ಸ್ಥಾನ ಪಡೆದಳು. ತಂದೆಗೆ ಅದು ಸಾಕಾಯಿತು. ಅಂದಿನಿಂದ ಅವರಿಗೆ ಬೇರೆ ಕೆಲಸವೇ ಉಳಿಯಲಿಲ್ಲ.

ಶಾರ್ಲ್ ದೊಡ್ಡ ಟೆನ್ನಿಸ್ ಆಟಗಾರರಲ್ಲ. ಆದರೆ ಅವಲೋಕನ ಎಂದು ನಾವು ಪಾಠ ಮಾಡುತ್ತೇವಲ್ಲ, ಅದು ಅವರಲ್ಲಿತ್ತು. ಚಳಿಗಾಲದಲ್ಲಿ ಯೂರೋಪಿನ ಒಳ್ಳೆಯ ಆಟಗಾರರೆಲ್ಲ ನೀಸ್, ಕಾನ್, ಮಾಂಟೆ ಕಾರ್ಲೋಗಳಲ್ಲಿ ಆಡಲು ಬರುತ್ತಿದ್ದರು. ಶಾರ್ಲ್ ಅಂಕಣದ ಪಕ್ಕ ನಿಂತು ಒಬ್ಬೊಬ್ಬರ ಹೊಡೆತವನ್ನೂ ಗಮನಿಸಿದರು. ಹೆಂಗಸರು ಹಿಂದಿನ ಗೆರೆಯ ಬಳಿ ನಿಂತು ಚೆಂಡನ್ನು ಹಿಂತಿರುಗಿಸುತ್ತ ಎದುರಾಳಿ ತಪ್ಪುವುದನ್ನು ಕಾಯುತ್ತಾರೆ. ಗಂಡಸರು ವೇಗವಾಗಿ ಹೊಡೆದು, ನೆಟ್ ಕಡೆ ನುಗ್ಗಿ, ಚೆಂಡು ನೆಲಕ್ಕೆ ಬೀಳುವ ಮೊದಲೇ ಬಾರಿಸುತ್ತಾರೆ. ಹುಡುಗಿಗೆ ಇದನ್ನು ಏಕೆ ಕಲಿಸಬಾರದು ಎಂಬುದು ಅವರ ಪ್ರಶ್ನೆ. ಇಂದು ಇದು ಸಾಮಾನ್ಯ ಮಾತೆನಿಸಬಹುದು. 1910ರಲ್ಲಿ, ಮೈ ಬಿಗಿಯುವ ಒಳಕವಚ ತೊಟ್ಟು ಪಾದ ಮುಟ್ಟುವ ಲಂಗದಲ್ಲಿ ಹೆಂಗಸರು ಆಡುತ್ತಿದ್ದ ಕಾಲದಲ್ಲಿ, ಹಾಗಿರಲಿಲ್ಲ. ಅವರು ಮಗಳನ್ನು ಗಂಡಸರ ಎದುರಿಗೇ ಅಭ್ಯಾಸಕ್ಕೆ ಬಿಟ್ಟರು.

ಅವರ ಪಾಠಕ್ರಮದಲ್ಲಿ ಪ್ರಸಿದ್ಧವಾದದ್ದು ಕರವಸ್ತ್ರ. ಅಂಕಣದ ಒಂದು ಮೂಲೆಯಲ್ಲಿ ಕರವಸ್ತ್ರ ಹಾಸಿ, ಚೆಂಡು ಅದರ ಮೇಲೇ ಬೀಳಬೇಕು ಎನ್ನುತ್ತಿದ್ದರು. ಬೀಳತೊಡಗಿದ ಮೇಲೆ ಜಾಗ ಬದಲಾಗುತ್ತಿತ್ತು. ಮುಂದೆ ಕರವಸ್ತ್ರವನ್ನು ಮಡಿಸಿ ಚಿಕ್ಕದು ಮಾಡುತ್ತಿದ್ದರು, ಇನ್ನೂ ಮಡಿಸುತ್ತಿದ್ದರು. ಕೊನೆಗೆ ಅಲ್ಲಿ ಒಂದು ನಾಣ್ಯ ಇರುತ್ತಿತ್ತಂತೆ. ಇದರ ಜೊತೆಗೆ ಗೋಡೆಗೆ ಚೆಂಡು ಹೊಡೆಯುವುದು, ಹಗ್ಗದಾಟ, ಓಟ, ನೃತ್ಯಪಾಠ. ಎರಡು ಕೋಲುಗಳ ನಡುವಿನ ದಾರದ ಮೇಲೆ ಗಾಲಿಯಂಥ ಬುಗುರಿಯನ್ನು ಆಡಿಸುವ ಡಯಾಬೊಲೊ ಎಂಬ ಆಟದಲ್ಲಿ ಸುಜಾನ್ ಮೊದಲೇ ಪಳಗಿದ್ದಳು. ನೀಸ್‌ನ ಕಡಲದಂಡೆಯಲ್ಲಿ ಜನ ನಿಂತು ನೋಡುತ್ತಿದ್ದರು. ಕಣ್ಣು ಮತ್ತು ಕೈ ಒಂದಾಗುವ ಪೂರ್ವಸಿದ್ಧತೆ ಅಲ್ಲೇ ಆಗಿತ್ತೆನ್ನಬಹುದು.

ನಮ್ಮ ಅಭ್ಯಾಸ ಶಾಲೆಗಳಲ್ಲಿ ಟೆನ್ನಿಸ್ ಅಂಕಣ ಕಾಣಸಿಗುವುದು ಅಪರೂಪ. ಟೆನ್ನಿಕಾಯ್ಟ್ ರಿಂಗ್ ಮಾತ್ರ ಬಹುತೇಕ ಕಡೆ ಇರುತ್ತದೆ. ದೈಹಿಕ ಶಿಕ್ಷಣದ ಪ್ರಶಿಕ್ಷಣಾರ್ಥಿಗಳು ಅಲ್ಲಿ ಒಂದು ಕರವಸ್ತ್ರ ಹಾಸಿ ನೋಡಬಹುದು. ಗುರಿ ಕಣ್ಣಿಗೆ ಕಾಣುತ್ತದೆ, ಫಲಿತಾಂಶ ತಕ್ಷಣ ಗೊತ್ತಾಗುತ್ತದೆ, ಕಷ್ಟ ಸ್ವಲ್ಪಸ್ವಲ್ಪವಾಗಿ ಏರುತ್ತದೆ. ಇಷ್ಟರ ಮಟ್ಟಿಗೆ ಶಾರ್ಲ್ ಲೆಂಗ್ಲೆನ್ ಅವರ ವಿಧಾನದಲ್ಲಿ ತಪ್ಪು ಹುಡುಕುವುದು ಕಷ್ಟ.

ತಪ್ಪು ಇದ್ದದ್ದು ಕರವಸ್ತ್ರದ ಪಕ್ಕದಲ್ಲಿ ನಿಂತಿದ್ದವರಲ್ಲಿ. ಚೆಂಡು ಗುರಿ ತಪ್ಪಿದರೆ ಶಾರ್ಲ್ ಎಲ್ಲರೆದುರು ಗದರುತ್ತಿದ್ದರು. ತಾಯಿಯೂ ಅಂಕಣದ ಅಂಚಿನಿಂದ ಟೀಕೆ ಮಾಡುತ್ತಿದ್ದರು. ಹುಡುಗಿ ಅತ್ತುಕೊಂಡೇ ಆಡಿದ ದಿನಗಳಿದ್ದವು. ಮಗಳಿಗೆ ನರದೌರ್ಬಲ್ಯವಿದೆ, ಹೆದರಿಕೆ ಹೆಚ್ಚು ಎಂದು ಗೊತ್ತಿದ್ದೂ ತಂದೆ ಅದಕ್ಕೆ ಕಂಡುಕೊಂಡ ಮದ್ದು ವಿಚಿತ್ರವಾದದ್ದು: ಪಂದ್ಯದ ನಡುವೆ ಕಾನ್ಯಾಕ್ ಬ್ರಾಂದಿಯಲ್ಲಿ ಅದ್ದಿದ ಸಕ್ಕರೆ ಗಡ್ಡೆ. ಪುನರ್ಬಲನದ ಪಾಠ ಮಾಡುವಾಗ ಉದಾಹರಣೆಗಾಗಿ ಹುಡುಕುವವರು ಇದನ್ನೂ ಗಮನಿಸಬೇಕು. ಪರಿಪೂರ್ಣವಾಗಿ ಹೊಡೆಯುವುದನ್ನು ಆಕೆ ಕಲಿತಳು. ಸೋಲಬಹುದು, ಸೋತರೂ ಮನೆಗೆ ಹೋಗಬಹುದು ಎಂಬುದನ್ನು ಯಾರೂ ಕಲಿಸಲಿಲ್ಲ.

1914ರಲ್ಲಿ, ಹದಿನೈದು ತುಂಬುವ ಹೊತ್ತಿಗೆ, ಆಕೆ ಫ್ರೆಂಚ್ ಚಾಂಪಿಯನ್‌ಷಿಪ್‌ನಲ್ಲಿ ಹಿಂದಿನ ವಿಜೇತೆ ಮಾರ್ಗರೀತ್ ಬ್ರೊಕೆದಿಸ್ ಅವರನ್ನು ಎದುರಿಸುವ ಕೊನೆಯ ಸುತ್ತಿನವರೆಗೆ ಬಂದಳು. ಬ್ರೊಕೆದಿಸ್ 1912ರ ಒಲಿಂಪಿಕ್ ವಿಜೇತೆ. ಸುಜಾನ್ ಮೊದಲ ಸೆಟ್ ಗೆದ್ದು, ಉಳಿದೆರಡನ್ನು ಸೋತಳು. ಅದೇ ವರ್ಷ ಪ್ಯಾರಿಸ್ ಬಳಿಯ ಸಾಂ-ಕ್ಲೂನಲ್ಲಿ ನಡೆದ ವಿಶ್ವ ಹಾರ್ಡ್ ಕೋರ್ಟ್ ಚಾಂಪಿಯನ್‌ಷಿಪ್ ಗೆದ್ದಳು. ಎರಡು ತಿಂಗಳು ಕಳೆಯುವಷ್ಟರಲ್ಲಿ ಯುದ್ಧ ಶುರುವಾಯಿತು. ಮುಂದಿನ ನಾಲ್ಕು ವರ್ಷ ದೊಡ್ಡ ಟೂರ್ನಿಗಳೇ ಇರಲಿಲ್ಲ. ನೀಸ್‌ನಲ್ಲಿ ಅಭ್ಯಾಸ ಮಾತ್ರ ನಿಲ್ಲಲಿಲ್ಲ.

ಹೀಗಾಗಿ 1919ರಲ್ಲಿ ವಿಂಬಲ್ಡನ್ನಿಗೆ ಬಂದಾಗ ಆಕೆ ಹುಲ್ಲಿನ ಅಂಕಣದ ದೊಡ್ಡ ಟೂರ್ನಿ ಆಡಿದವಳೇ ಅಲ್ಲ. ವಯಸ್ಸು ಇಪ್ಪತ್ತು. ಆ ಕಾಲದ ನಿಯಮದಂತೆ ಹಿಂದಿನ ವಿಜೇತೆ ನೇರವಾಗಿ ಕೊನೆಯ ಪಂದ್ಯವನ್ನಷ್ಟೇ ಆಡಬೇಕು. ಆಕೆ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್, ಏಳು ಬಾರಿ ಗೆದ್ದವರು, ನಲವತ್ತು ವರ್ಷ, ಇಬ್ಬರು ಮಕ್ಕಳ ತಾಯಿ. ಇಂಗ್ಲೆಂಡಿನ ರಾಜ ಐದನೇ ಜಾರ್ಜ್ ಮತ್ತು ರಾಣಿ ಮೇರಿ ನೋಡಲು ಬಂದಿದ್ದರು. ಚೇಂಬರ್ಸ್ ಹಳೆಯ ಕ್ರಮದ ಉದ್ದ ಲಂಗ, ತುಂಬುತೋಳಿನ ಉಡುಪಿನಲ್ಲಿದ್ದರು. ಸುಜಾನ್ ತೊಟ್ಟಿದ್ದು ಮೀನಖಂಡದವರೆಗಿನ ತೆಳು ಉಡುಪು, ತೋಳು ಮೋಟು, ಒಳಕವಚವಿಲ್ಲ. ಮೊದಲ ಸೆಟ್ 10-8ರಿಂದ ಸುಜಾನ್‌ಗೆ, ಎರಡನೆಯದು 6-4ರಿಂದ ಚೇಂಬರ್ಸ್‌ಗೆ. ಮೂರನೆಯದರಲ್ಲಿ 4-1ರಿಂದ ಮುಂದಿದ್ದ ಸುಜಾನ್ ಕುಸಿದಳು. ತಂದೆ ಮೇಲಿನಿಂದ ಸಕ್ಕರೆ ಗಡ್ಡೆ ಎಸೆಯುತ್ತಿದ್ದರು. 6-5, 40-15ರಲ್ಲಿ ಚೇಂಬರ್ಸ್‌ಗೆ ಎರಡು ಮ್ಯಾಚ್ ಪಾಯಿಂಟ್ ಸಿಕ್ಕವು. ಮೊದಲನೆಯದರಲ್ಲಿ ಸುಜಾನ್ ಓಡಿಹೋಗಿ ರಾಕೆಟ್ ಚಾಚಿದಳು. ಚೆಂಡು ತಗುಲಿದ್ದು ತಂತಿಗಲ್ಲ, ಮರದ ಚೌಕಟ್ಟಿಗೆ. ಅದು ಹೇಗೋ ನೆಟ್ ದಾಟಿ ಆಚೆ ಬಿತ್ತು. ಎರಡನೆಯದನ್ನೂ ಉಳಿಸಿಕೊಂಡು, ಕೊನೆಗೆ 9-7ರಿಂದ ಗೆದ್ದಳು. ಒಟ್ಟು 44 ಗೇಮ್‌ಗಳು. ವಿಂಬಲ್ಡನ್ ಮಹಿಳಾ ಫೈನಲ್‌ಗಳಲ್ಲಿ ಇದಕ್ಕಿಂತ ಹೆಚ್ಚು ಗೇಮ್‌ಗಳ ಪಂದ್ಯ ನಡೆದದ್ದು 1970ರಲ್ಲಿ.

ವರ್ಷಗಟ್ಟಲೆ ನಾಣ್ಯದ ಮೇಲೆ ಗುರಿಯಿಟ್ಟು ಕಲಿತವಳನ್ನು ಉಳಿಸಿದ್ದು ಚೌಕಟ್ಟಿಗೆ ಬಡಿದ ಒಂದು ಚೆಂಡು. ಈ ಕಥೆಯನ್ನು ತರಗತಿಯಲ್ಲಿ ಹೇಳುವವರು ಅದನ್ನು ಬಿಟ್ಟು ಹೇಳಬಾರದು. ಮಕ್ಕಳಿಗೆ ಅದೇ ನೆನಪಿರುತ್ತದೆ.

ಆಮೇಲಿನ ಏಳು ವರ್ಷಗಳನ್ನು ಬೇಗ ಹೇಳಬಹುದು, ಏಕೆಂದರೆ ಗೆಲುವು ಒಂದೇ ಬಗೆಯದು. ವಿಂಬಲ್ಡನ್ ಸಿಂಗಲ್ಸ್ 1919ರಿಂದ 1923ರವರೆಗೆ ಸತತ ಐದು ಬಾರಿ, ಮತ್ತೆ 1925ರಲ್ಲಿ. ಅದೇ ಆರು ವರ್ಷ ಎಲಿಜಬೆತ್ ರಯಾನ್ ಜೊತೆ ಡಬಲ್ಸ್ ಕೂಡ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಮತ್ತು ಮಿಶ್ರ ಡಬಲ್ಸ್ ಚಿನ್ನ, ಮಹಿಳಾ ಡಬಲ್ಸ್‌ನಲ್ಲಿ ಕಂಚು. ಸಿಂಗಲ್ಸ್‌ನಲ್ಲಿ ಆಕೆ ಇಡೀ ಕೂಟದಲ್ಲಿ ಬಿಟ್ಟುಕೊಟ್ಟದ್ದು ನಾಲ್ಕೇ ಗೇಮ್. 1925ರ ವಿಂಬಲ್ಡನ್‌ನಲ್ಲಿ ಐದು. ಫ್ರೆಂಚ್ ಚಾಂಪಿಯನ್‌ಷಿಪ್ 1925ರಲ್ಲಿ ಹೊರದೇಶದವರಿಗೂ ತೆರೆದಾಗ ಆ ವರ್ಷವೂ ಮರುವರ್ಷವೂ ಆಕೆಯೇ ಗೆದ್ದಳು. ಆಕೆಯನ್ನು ನೋಡಲು ಬರುವ ಜನರಿಗೆ ವಿಂಬಲ್ಡನ್ನಿನ ಹಳೆಯ ಮೈದಾನ ಸಾಲಲಿಲ್ಲ. 1922ರಲ್ಲಿ ಟೂರ್ನಿ ಈಗಿರುವ ಚರ್ಚ್ ರಸ್ತೆಯ ದೊಡ್ಡ ಮೈದಾನಕ್ಕೆ ಹೋದದ್ದಕ್ಕೆ ಈ ಜನಸಂದಣಿಯೂ ಒಂದು ಕಾರಣ. ಪ್ಯಾರಿಸ್ಸಿನ ಜಾನ್ ಪತೂ ಆಕೆಗಾಗಿ ನೆರಿಗೆಯ ರೇಷ್ಮೆ ಉಡುಪುಗಳನ್ನು ಹೊಲಿಸಿದರು. ತಲೆಗೆ ಸುತ್ತಿದ ಬಣ್ಣದ ರೇಷ್ಮೆ ಪಟ್ಟಿಯನ್ನು ನೋಡಿ ಊರೂರಿನ ಹುಡುಗಿಯರು ಹಾಗೇ ಸುತ್ತಿಕೊಂಡರು. ನೃತ್ಯ ಕಲಿತ ಕಾಲು, ಗಾಳಿಯಲ್ಲಿ ಹಾರಿ ಹೊಡೆಯುವ ಭಂಗಿ ಛಾಯಾಚಿತ್ರಗಳಲ್ಲಿ ಈಗಲೂ ಕಾಣುತ್ತದೆ. ಪಾಠೋಪಕರಣವಾಗಿ ಒಂದು ಚಿತ್ರ ಸಾಕು.

ನಡುವೆ ಒಂದು ಸೋಲು. 1921ರಲ್ಲಿ, ಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಪ್ರದೇಶಗಳಿಗೆ ಹಣ ಕೂಡಿಸುವ ಉದ್ದೇಶದಿಂದ ಆಕೆ ಹಡಗಿನಲ್ಲಿ ಅಮೆರಿಕಕ್ಕೆ ಹೋದಳು. ತಂದೆ ಜೊತೆಗಿರಲಿಲ್ಲ. ಪ್ರಯಾಣದಲ್ಲಿ ಕಾಯಿಲೆ ಬಿದ್ದು, ಚೇತರಿಸಿಕೊಳ್ಳಲು ಸಮಯವಿಲ್ಲದೆ ಫಾರೆಸ್ಟ್ ಹಿಲ್ಸ್‌ನಲ್ಲಿ ಅಲ್ಲಿನ ಚಾಂಪಿಯನ್ ಮೋಲಾ ಮ್ಯಾಲರಿ ಎದುರು ಇಳಿಯಬೇಕಾಯಿತು. ಮೊದಲ ಸೆಟ್ 6-2ರಿಂದ ಹೋಯಿತು. ಎರಡನೆಯದರ ಆರಂಭದಲ್ಲೇ ಕೆಮ್ಮುತ್ತ, ಅಳುತ್ತ ಆಟ ಬಿಟ್ಟಳು. ಪ್ರೇಕ್ಷಕರು ಹೀಯಾಳಿಸಿದರು. ಸೋಲು ಖಚಿತವೆಂದು ತಿಳಿದು ಕೆಮ್ಮಿನ ನೆಪ ಹೂಡಿದಳು ಎಂದು ಪತ್ರಿಕೆಗಳು ಬರೆದವು. ಕಾಯಿಲೆ ನಿಜವಾದದ್ದೇ. ಆದರೆ ತಂದೆಯ ದನಿ ಕೇಳಿಸದ ಅಂಕಣದಲ್ಲಿ ಆಕೆ ಹಿಂದೆ ಬಿದ್ದಾಗ ಏನಾಗುತ್ತದೆ ಎಂಬುದೂ ಅಂದು ಕಂಡಿತು ಎಂದು ನನಗೆ ಅನಿಸುತ್ತದೆ. ಮರುವರ್ಷ ವಿಂಬಲ್ಡನ್ ಫೈನಲ್‌ನಲ್ಲಿ ಅದೇ ಮ್ಯಾಲರಿಯನ್ನು ಅರ್ಧ ಗಂಟೆಯೂ ಆಗುವ ಮೊದಲೇ 6-2, 6-0ರಿಂದ ಸೋಲಿಸಿದಳು. ಯುದ್ಧ ಮುಗಿದ ಮೇಲೆ 1926ರವರೆಗೆ ಸಿಂಗಲ್ಸ್‌ನಲ್ಲಿ ಆಕೆಗೆ ಆದ ಸೋಲು ಅದೊಂದೇ.

1926ರ ಫೆಬ್ರವರಿ 16ರಂದು ಕಾನ್‌ನಲ್ಲಿ ಅಮೆರಿಕದ ಹೆಲೆನ್ ವಿಲ್ಸ್ ಜೊತೆ ಆಡಿದ ಪಂದ್ಯವನ್ನು ಮಾತ್ರ ನಿಧಾನವಾಗಿ ನೋಡಬೇಕು. ವಿಲ್ಸ್‌ಗೆ ಇಪ್ಪತ್ತು ವರ್ಷ, 1919ರಲ್ಲಿ ಸುಜಾನ್‌ಗಿದ್ದ ವಯಸ್ಸು. ಜಗತ್ತಿನ ಪತ್ರಿಕೆಗಳೆಲ್ಲ ವರದಿಗಾರರನ್ನು ಕಳಿಸಿದ್ದವು. ಜನ ಸುತ್ತಲಿನ ಮರಗಳನ್ನೂ ಮನೆಗಳ ಮಾಡನ್ನೂ ಏರಿದ್ದರು. ಸುಜಾನ್ ಮೊದಲ ಸೆಟ್ 6-3ರಿಂದ ಗೆದ್ದಳು. ಎರಡನೆಯದರಲ್ಲಿ 6-5, 40-15 ಇದ್ದಾಗ ವಿಲ್ಸ್ ಹೊಡೆದ ಚೆಂಡು ಗೆರೆಯ ಬಳಿ ಬಿತ್ತು, ಔಟ್ ಎಂಬ ಕೂಗು ಕೇಳಿಸಿತು. ಇಬ್ಬರೂ ಕೈಕುಲುಕಿದರು, ಹೂಗುಚ್ಛಗಳು ಬಂದವು, ಛಾಯಾಗ್ರಾಹಕರು ನುಗ್ಗಿದರು. ಆಗ ಗೆರೆಯ ಬಳಿಯ ಅಂಪೈರ್ ಗುಂಪು ಸರಿಸಿಕೊಂಡು ಬಂದು, ಕೂಗಿದ್ದು ತಾನಲ್ಲ, ಪ್ರೇಕ್ಷಕರಲ್ಲಿ ಯಾರೋ, ಚೆಂಡು ಒಳಗೇ ಬಿದ್ದಿತ್ತು ಎಂದು ತಿಳಿಸಿದ. ಗೆದ್ದಾಯಿತು ಎಂದು ಉಸಿರು ಬಿಟ್ಟವಳು ಮತ್ತೆ ಗೆರೆಯ ಹಿಂದೆ ಹೋಗಿ ನಿಲ್ಲಬೇಕಾಯಿತು. ವಿಲ್ಸ್ 6-6 ಮಾಡಿದಳು. ಸುಜಾನ್ 8-6ರಿಂದ ಮುಗಿಸಿದಳು. ಆಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತಳು.

ಮ್ಯಾಲರಿ ಎದುರು ಮುರಿದವಳು ಇಲ್ಲಿ ಮುರಿಯಲಿಲ್ಲ. ಐದು ವರ್ಷಗಳಲ್ಲಿ ಆಕೆ ಏನನ್ನೋ ಕಲಿತಿದ್ದಳು, ಅದನ್ನು ತಂದೆ ಕಲಿಸಿರಲಿಲ್ಲ. ಇಬ್ಬರೂ ಮತ್ತೆಂದೂ ಸಿಂಗಲ್ಸ್‌ನಲ್ಲಿ ಎದುರಾಗಲಿಲ್ಲ.

ಅದೇ ವರ್ಷದ ವಿಂಬಲ್ಡನ್‌ನಲ್ಲಿ ಅನರ್ಥವಾಯಿತು. ಪಂದ್ಯದ ವೇಳೆಯ ಬಗ್ಗೆ ಆದ ಗೊಂದಲದಲ್ಲಿ ಆಕೆ ತಡವಾಗಿ ಬಂದಳು. ರಾಣಿ ಮೇರಿ ಕಾಯುತ್ತ ಕುಳಿತಿದ್ದರು. ವ್ಯವಸ್ಥಾಪಕರು ಆಕೆಯನ್ನು ತರಾಟೆಗೆ ತೆಗೆದುಕೊಂಡರು, ಆಕೆ ಅಂದು ಆಡಲಾರೆನೆಂದಳು. ರಾಣಿಯನ್ನು ಕಾಯಿಸಿದಳೆಂದು ಅದುವರೆಗೆ ಕೊಂಡಾಡಿದ ಜನರೇ ತಿರುಗಿಬಿದ್ದರು. ಆಕೆ ಟೂರ್ನಿಯಿಂದ ಹಿಂದೆ ಸರಿದಳು, ಮತ್ತೆಂದೂ ಅಲ್ಲಿ ಆಡಲಿಲ್ಲ.

ಆಗಸ್ಟ್‌ನಲ್ಲಿ ಅಮೆರಿಕದ ಪ್ರದರ್ಶನ ವ್ಯವಸ್ಥಾಪಕ ಸಿ. ಸಿ. ಪೈಲ್ ಜೊತೆ 50,000 ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದಳು. ಇದು ಏಕೆ ಅಷ್ಟು ದೊಡ್ಡ ಸುದ್ದಿಯಾಯಿತೆಂದು ಇಂದಿನ ವಿದ್ಯಾರ್ಥಿಗಳಿಗೆ ವಿವರಿಸದಿದ್ದರೆ ಅರ್ಥವಾಗುವುದಿಲ್ಲ. ಆಗ ದೊಡ್ಡ ಟೂರ್ನಿಗಳಲ್ಲಿ ಹವ್ಯಾಸಿಗಳಷ್ಟೇ ಆಡಬೇಕಿತ್ತು. ಬಹುಮಾನದ ಹಣವಿಲ್ಲ. ಟಿಕೆಟ್ ಹಣವೆಲ್ಲ ಕ್ಲಬ್ಬುಗಳಿಗೆ ಮತ್ತು ಸಂಘಗಳಿಗೆ. ಹೆಸರಾದ ಆಟಗಾರರಿಗೆ ವೆಚ್ಚದ ಹೆಸರಿನಲ್ಲಿ ಒಳಗಿಂದೊಳಗೆ ಏನಾದರೂ ಸಿಗುತ್ತಿತ್ತು, ಅದನ್ನು ಎಲ್ಲರೂ ಬಲ್ಲರು, ಯಾರೂ ಹೇಳುವುದಿಲ್ಲ. ಕೈಯಲ್ಲಿ ಆಸ್ತಿ ಇದ್ದವರಿಗೆ ಈ ನಿಯಮ ಸುಲಭ. ಲೆಂಗ್ಲೆನ್ ಕುಟುಂಬದ ಹಣ ಕರಗಿತ್ತು, ಫ್ರಾಂಕ್ ಬೆಲೆ ಕುಸಿದಿತ್ತು, ತಂದೆಯ ಆರೋಗ್ಯ ಕೆಟ್ಟಿತ್ತು. ತಾನು ಹನ್ನೆರಡು ವರ್ಷ ಆಡಿದ್ದರಿಂದ ಬೇರೆಯವರು ಲಕ್ಷಗಟ್ಟಲೆ ಗಳಿಸಿದರು, ತಾನು ಮಾತ್ರ ಪ್ರವೇಶಶುಲ್ಕ ಕಟ್ಟಿ ಆಡಿದೆ ಎಂಬ ಅರ್ಥದಲ್ಲಿ ಆಕೆ ಬಹಿರಂಗವಾಗಿಯೇ ಹೇಳಿಕೊಂಡಳು. ಈ ಲೆಕ್ಕದಲ್ಲಿ ತಪ್ಪಿಲ್ಲ.

ಅಕ್ಟೋಬರ್ 9ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸುಮಾರು 13,000 ಜನರೆದುರು ಪ್ರವಾಸ ಆರಂಭವಾಯಿತು. ಎದುರಾಳಿ ಮೇರಿ ಕೆ. ಬ್ರೌನ್, ಹಿಂದೆ ಮೂರು ಬಾರಿ ಅಮೆರಿಕದ ಚಾಂಪಿಯನ್ ಆಗಿದ್ದವರು. ಅಮೆರಿಕ, ಕೆನಡಾ, ಕ್ಯೂಬಾ ಸುತ್ತಿ, ಊರಿಂದೂರಿಗೆ ರೈಲಿನಲ್ಲಿ ಹೋಗಿ, ಆಡಿದ ಪಂದ್ಯಗಳನ್ನೆಲ್ಲ ಸುಜಾನ್ ಗೆದ್ದಳು. ಗೆಲ್ಲುವುದು ಮೊದಲೇ ಗೊತ್ತಿದ್ದ ಆಟವನ್ನು ದಿನದಿನವೂ ಆಡುವುದು ಆಕೆಗೆ ಎಷ್ಟು ಹಿತವಾಗಿತ್ತೋ ಹೇಳುವುದು ಕಷ್ಟ. 1927ರಲ್ಲಿ ಬ್ರಿಟನ್ನಿನಲ್ಲೂ ಕೆಲವು ಪ್ರದರ್ಶನ ಪಂದ್ಯಗಳಾದವು. ಬಳಿಕ ವೃತ್ತಿಪರ ಆಟ ನಿಂತುಹೋಯಿತು. ವಿಂಬಲ್ಡನ್ ಕ್ಲಬ್ಬಿನ ಸದಸ್ಯತ್ವ ಹೋಗಿತ್ತು, ಹವ್ಯಾಸಿ ಟೂರ್ನಿಗಳ ಬಾಗಿಲು ಮುಚ್ಚಿತ್ತು. ಇಪ್ಪತ್ತೆಂಟನೇ ವಯಸ್ಸಿಗೆ ಆಕೆಗೆ ಆಡಲು ಜಾಗವಿರಲಿಲ್ಲ. ವೃತ್ತಿಪರರಿಗೂ ವಿಂಬಲ್ಡನ್ ತೆರೆದದ್ದು 1968ರಲ್ಲಿ. ಆಗಲೂ ಪುರುಷರ ವಿಜೇತ ರಾಡ್ ಲೇವರ್‌ಗೆ 2,000 ಪೌಂಡ್, ಮಹಿಳೆಯರ ವಿಜೇತೆ ಬಿಲ್ಲಿ ಜೀನ್ ಕಿಂಗ್‌ಗೆ 750. ಎರಡೂ ಸಮವಾದದ್ದು 2007ರಲ್ಲಿ. ಸಮಾಜವಿಜ್ಞಾನದ ಪಾಠದಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಅಂಶ ಬಂದಾಗ ಈ ಮೂರು ವರ್ಷಗಳನ್ನು, 1926, 1968, 2007, ಹಲಗೆಯ ಮೇಲೆ ಬರೆದು ಮಕ್ಕಳನ್ನೇ ಪ್ರಶ್ನೆ ಕೇಳಲು ಬಿಡಬಹುದು.

1929ರಲ್ಲಿ ತಂದೆ ತೀರಿಕೊಂಡರು. ಕೆಲಕಾಲ ಪ್ಯಾರಿಸ್ಸಿನ ಉಡುಪು ವ್ಯಾಪಾರದಲ್ಲಿ ಕೆಲಸ ಮಾಡಿದ ಸುಜಾನ್, 1930ರ ದಶಕದಲ್ಲಿ ಅಲ್ಲಿನ ಟೆನ್ನಿಸ್ ಮಿರಾಬೋದಲ್ಲಿ ಶಾಲೆ ನಡೆಸತೊಡಗಿದಳು. ಫ್ರೆಂಚ್ ಟೆನ್ನಿಸ್ ಒಕ್ಕೂಟ ಆ ಶಾಲೆಗೆ ಮಾನ್ಯತೆ ನೀಡಿತು. ವೃತ್ತಿಪರಳೆಂದು ಹೊರಗಿಟ್ಟ ವ್ಯವಸ್ಥೆಗೆ ಕಲಿಸುವವಳಾಗಿ ಆಕೆ ಬೇಕಾಗಿದ್ದಳು.

ಬರೆಯುವುದು ಆಕೆಗೆ ಹೊಸದಲ್ಲ. ಹುಡುಗಿಯರಿಗೆ ಟೆನ್ನಿಸ್ ಕಲಿಸುವ ಪುಸ್ತಕವೊಂದನ್ನು ಮೊದಲ ವಿಂಬಲ್ಡನ್ ಗೆಲುವಿನ ಹೊತ್ತಿನಲ್ಲೇ ಪ್ರಕಟಿಸಿದ್ದಳು. 1937ರಲ್ಲಿ ಬಂದ ಇನ್ನೊಂದು ಪುಸ್ತಕ ಶಿಕ್ಷಕರಿಗೆ ಹೆಚ್ಚು ಕುತೂಹಲದ್ದು. ಅದರ ಸಹಲೇಖಕಿ ಮಾರ್ಗರೆಟ್ ಮಾರಿಸ್, ನೃತ್ಯ ಮತ್ತು ದೇಹಚಲನೆಯ ಶಿಕ್ಷಕಿ. ಟೆನ್ನಿಸ್ ಹೊಡೆತಗಳಿಗೆ ಮೈಯನ್ನು ಸಿದ್ಧಪಡಿಸುವ ಸರಳ ವ್ಯಾಯಾಮಗಳು ಅದರ ವಸ್ತು. ತಂದೆ ಮಗಳನ್ನು ನಿಲ್ಲಿಸಿದ್ದು ಗುರಿಯ ಎದುರು, ಚೆಂಡು ಎಲ್ಲಿ ಬಿತ್ತೆಂಬುದೇ ಅಲ್ಲಿ ಎಲ್ಲ. ಮಗಳು ಬರೆದ ಈ ಪುಸ್ತಕದಲ್ಲಿ ಕಲಿಯುವ ಮಗುವಿನ ಭುಜ, ಸೊಂಟ, ಪಾದಗಳಿಂದ ಪಾಠ ಶುರು. ಪ್ರಶಿಕ್ಷಣಾರ್ಥಿಗಳು ಎರಡು ಪಾಠಯೋಜನೆಗಳನ್ನು ಹೀಗೆ ಬರೆದು ಹೋಲಿಸಿ ನೋಡಬಹುದು, ಯಾವುದೇ ವಿಷಯವಿರಲಿ.

ಆಕೆಯ ಶಾಲೆ ಹೆಚ್ಚು ಕಾಲ ನಡೆಯಲಿಲ್ಲ. 1938ರ ಜೂನ್‌ನಲ್ಲಿ ರಕ್ತದ ಕಾಯಿಲೆಯಿಂದ ಹಾಸಿಗೆ ಹಿಡಿದಳು, ಕಣ್ಣೂ ಮಂಜಾಯಿತು. ಜುಲೈ 2ರ ಶನಿವಾರ ಹೆಲೆನ್ ವಿಲ್ಸ್ ವಿಂಬಲ್ಡನ್ ಸಿಂಗಲ್ಸ್ ಅನ್ನು ಎಂಟನೇ ಬಾರಿ ಗೆದ್ದಳು. ಸೋಮವಾರ, ಜುಲೈ 4ರಂದು, ಸುಜಾನ್ ಪ್ಯಾರಿಸ್ಸಿನಲ್ಲಿ ತೀರಿಕೊಂಡಳು. ಮೂವತ್ತೊಂಬತ್ತು ವರ್ಷ. ಸಾಂ-ತುವಾನ್ ಸ್ಮಶಾನದಲ್ಲಿ ಸಮಾಧಿಯಿದೆ. ಪ್ಯಾರಿಸ್ಸಿನ ರೋಲಾಂ ಗ್ಯಾರೋಸ್ ಮೈದಾನದ ಎರಡನೇ ದೊಡ್ಡ ಅಂಕಣಕ್ಕೆ ಆಕೆಯ ಹೆಸರು, ಫ್ರೆಂಚ್ ಓಪನ್ ಗೆದ್ದ ಮಹಿಳೆಯ ಕೈಗೆ ಪ್ರತಿ ವರ್ಷ ಜೂನ್‌ನಲ್ಲಿ ಬರುವ ಬಟ್ಟಲಿಗೂ ಆಕೆಯದೇ ಹೆಸರು.